ಅಕ್ಕಿ ಮುಟ್ಟದ ದಡ

1942ರ ಡಿಸೆಂಬರ್ 3ರ ರಾತ್ರಿ ಜಪಾನಿನ ಡೆಸ್ಟ್ರಾಯರ್ ಹಡಗುಗಳ ಒಂದು ಸಾಲು ದೀಪ ಆರಿಸಿಕೊಂಡು ಗ್ವಾಡಲ್‌ಕನಾಲ್ ದ್ವೀಪದ ಹತ್ತಿರಕ್ಕೆ ಬಂತು. ಯಾವುದೂ ಲಂಗರು ಇಳಿಸಲಿಲ್ಲ. ಡೆಕ್ಕಿನ ಮೇಲೆ ಒತ್ತೊತ್ತಾಗಿ ಕಟ್ಟಿದ್ದ ಕಬ್ಬಿಣದ ಡ್ರಮ್ಮುಗಳನ್ನು ನಾವಿಕರು ನೀರಿಗೆ ಉರುಳಿಸಿದರು, ಹಡಗುಗಳು ಬಂದ ದಾರಿ ಹಿಡಿದವು. ಎಣ್ಣೆಯ ಡ್ರಮ್ಮುಗಳನ್ನು ತೊಳೆದು ಅಕ್ಕಿ ತುಂಬಿದ್ದರು. ಬಾಯಿಮಟ್ಟ ತುಂಬಿದರೆ ಮುಳುಗುತ್ತದೆಂದು ಒಳಗೆ ಗಾಳಿಗೆ ಒಂದಿಷ್ಟು ಜಾಗ ಬಿಟ್ಟಿದ್ದರು. ಒಂದಕ್ಕೊಂದು ಹಗ್ಗದಿಂದ ಬಿಗಿದ ಆ ಡ್ರಮ್ಮುಗಳ ಸರವನ್ನು ದಡದಲ್ಲಿದ್ದ ಸೈನಿಕರು ತೇರಿನ ಹಗ್ಗ ಎಳೆದ ಹಾಗೆ ಎಳೆದುಕೊಳ್ಳಬೇಕಿತ್ತು. ಆ ರಾತ್ರಿ ನೀರಿಗೆ ಬಿದ್ದದ್ದು 1,500 ಡ್ರಮ್ಮು. ಕೈಗೆ ಸಿಕ್ಕಿದ್ದು 310ರಷ್ಟು. ಕೆಲವು ಹಗ್ಗ ಹರಿದು ತೇಲಿಹೋದವು, ಉಳಿದವನ್ನು ಬೆಳಗಾಗುತ್ತಲೇ ಅಮೆರಿಕದ ವಿಮಾನಗಳು ಗುಂಡಿಟ್ಟು ತೂತು ಮಾಡಿದವು. ಎಳೆಯಬೇಕಾದವರ ತೋಳುಗಳಲ್ಲಿ ಎಳೆಯುವ ಕಸುವೂ ಉಳಿದಿರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಜಪಾನ್ ಕಾದಾಡಿದ ಕಥೆ ಎಂದರೆ ನಮಗೆ ನೆನಪಾಗುವುದು ಪರ್ಲ್ ಹಾರ್ಬರ್, ಮಿಡ್‌ವೇ, ಇವೋ ಜಿಮಾದ ಗುಡ್ಡದ ಮೇಲೆ ಬಾವುಟ ನೆಡುವ ಸೈನಿಕರ ಚಿತ್ರ, ಕೊನೆಗೆ ಎರಡು ಅಣುಬಾಂಬು. ಆ ಯುದ್ಧದ ಬಗ್ಗೆ ವರ್ಷಗಟ್ಟಲೆ ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದದ್ದು ಈ ಡ್ರಮ್ಮುಗಳು. ಅರ್ಧ ವರ್ಷದ ಹಿಂದಷ್ಟೇ ಹವಾಯಿಯಿಂದ ಶ್ರೀಲಂಕಾದವರೆಗಿನ ಸಮುದ್ರವನ್ನು ನಡುಗಿಸಿದ್ದ ನೌಕಾಪಡೆಗೆ, ತನ್ನದೇ ನೆಲೆಯಿಂದ ಸಾವಿರ ಕಿಲೋಮೀಟರ್ ದೂರದ ದಡಕ್ಕೆ ಅಕ್ಕಿ ತಲುಪಿಸಲು ಆಗಲಿಲ್ಲ. ಏಕೆ ಎಂಬುದು ಅರ್ಥವಾದರೆ ಪೆಸಿಫಿಕ್ ಯುದ್ಧದ ಬಹುಪಾಲು ಅರ್ಥವಾಗುತ್ತದೆ ಎಂದು ನಾನು ನಂಬಿದ್ದೇನೆ.

ಆ ನೌಕಾಪಡೆಯ ಬಿಸಿ ನಮ್ಮ ಪೂರ್ವ ಕರಾವಳಿಗೂ ತಟ್ಟಿತ್ತು. 1942ರ ಏಪ್ರಿಲ್ 5ರಂದು ಕೊಲಂಬೊ, 9ರಂದು ಟ್ರಿಂಕೋಮಲಿ ಮೇಲೆ ಜಪಾನಿನ ವಿಮಾನಗಳು ಬಾಂಬು ಹಾಕಿದವು. ನಡುವೆ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬು ಬಿತ್ತು. ಮದ್ರಾಸಿನ ಜನ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ವಿಶಾಖಪಟ್ಟಣಕ್ಕೆ ಬಂದ ವಿಮಾನಗಳು ಹಾರಿದ್ದು ರ್ಯೂಜೋ ಎಂಬ ವಿಮಾನವಾಹಕ ನೌಕೆಯಿಂದ. ಅದೇ ವರ್ಷದ ಆಗಸ್ಟ್ 24ರಂದು ಸಾಲೊಮನ್ ದ್ವೀಪಗಳ ಪೂರ್ವಕ್ಕೆ, ಇದೇ ಗ್ವಾಡಲ್‌ಕನಾಲ್‌ಗಾಗಿ ನಡೆದ ಕಾಳಗದಲ್ಲಿ ಆ ಹಡಗು ಮುಳುಗಿತು. ಕೊಲಂಬೊಗೆ ಬಂದಿದ್ದ ಅಕಾಗಿ, ಸೋರ್ಯೂ, ಹಿರ್ಯೂ ಅಷ್ಟು ದಿನವೂ ಬದುಕಲಿಲ್ಲ. ಜೂನ್ ತಿಂಗಳಲ್ಲೇ ಮಿಡ್‌ವೇಯಲ್ಲಿ ಅವುಗಳ ಕಥೆ ಮುಗಿದಿತ್ತು.

ಮಿಡ್‌ವೇ ಬಗ್ಗೆ ಸಿನಿಮಾಗಳು ಬಂದಿವೆ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಹವಾಯಿಯಲ್ಲಿ ಜೋಸೆಫ್ ರೋಷ್‌ಫೋರ್ಟ್ ನೇತೃತ್ವದ ತಂಡ ಜಪಾನಿನ ಗುಪ್ತಲಿಪಿಯನ್ನು ಅಷ್ಟಿಷ್ಟು ಬಿಡಿಸಿತ್ತು. ‘ಎಎಫ್’ ಎಂಬ ಜಾಗದ ಮೇಲೆ ದಾಳಿ ಎಂದು ತಿಳಿದಿತ್ತು, ಎಎಫ್ ಯಾವುದೆಂದು ಖಚಿತವಿರಲಿಲ್ಲ. ಮಿಡ್‌ವೇಯಲ್ಲಿ ಕುಡಿಯುವ ನೀರಿನ ಯಂತ್ರ ಕೆಟ್ಟಿದೆ ಎಂದು ಬೇಕೆಂದೇ ಬಹಿರಂಗವಾಗಿ ಸಂದೇಶ ಕಳುಹಿಸಿದರು. ಸ್ವಲ್ಪದರಲ್ಲೇ ಜಪಾನಿನ ಸಂದೇಶವೊಂದು ಎಎಫ್‌ನಲ್ಲಿ ನೀರಿಗೆ ತಾಪತ್ರಯ ಎಂದು ವರದಿ ಮಾಡಿತು. ಮೂರು ತಿಂಗಳ ದುರಸ್ತಿ ಬೇಕೆಂದಿದ್ದ ಯಾರ್ಕ್‌ಟೌನ್ ನೌಕೆಯನ್ನು ಪರ್ಲ್ ಹಾರ್ಬರಿನ ಕೆಲಸಗಾರರು ಹಗಲಿರುಳು ದುಡಿದು ಮೂರು ದಿನದಲ್ಲಿ ಸಮುದ್ರಕ್ಕೆ ಇಳಿಸಿದರು. ಜೂನ್ 4ರ ಬೆಳಿಗ್ಗೆ ಅಮೆರಿಕದ ಟಾರ್ಪೆಡೊ ವಿಮಾನಗಳ ಒಂದು ದಳದ ಹದಿನೈದೂ ವಿಮಾನಗಳು ಉರುಳಿದವು. ಮೂವತ್ತು ಜನರಲ್ಲಿ ಬದುಕಿದ್ದು ಒಬ್ಬರೇ. ಅದಾದ ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಎರಗಿದ ಬಾಂಬರುಗಳು ಕೆಲವೇ ನಿಮಿಷಗಳಲ್ಲಿ ಮೂರು ಜಪಾನೀ ವಿಮಾನವಾಹಕಗಳಿಗೆ ಬೆಂಕಿ ಇಟ್ಟವು. ನಾಲ್ಕನೆಯದು, ಹಿರ್ಯೂ, ಸಂಜೆಯ ಹೊತ್ತಿಗೆ ಉರಿಯುತ್ತಿತ್ತು. ಯಾರ್ಕ್‌ಟೌನ್ ಕೂಡ ಆ ಕಾಳಗದಲ್ಲೇ ಹೋಯಿತು.

ಅಂದು ಜಪಾನಿನ ನುರಿತ ಪೈಲಟ್‌ಗಳೆಲ್ಲ ಸತ್ತರು, ಅಲ್ಲಿಗೆ ಯುದ್ಧ ತಿರುಗಿತು ಎಂದು ಬಹಳ ಕಡೆ ಬರೆದಿರುತ್ತದೆ. ಇದು ಸರಿಯಲ್ಲ. ಮಿಡ್‌ವೇಯಲ್ಲಿ ಸತ್ತ ಜಪಾನೀಯರು ಮೂರು ಸಾವಿರಕ್ಕೂ ಹೆಚ್ಚು. ಅವರಲ್ಲಿ ವೈಮಾನಿಕರು ನೂರಹತ್ತರ ಆಸುಪಾಸು. ಉಳಿದವರಲ್ಲಿ ಬಹಳ ಜನ ಹಡಗಿನೊಳಗೆ ಬೆಂದುಹೋದ ನಾವಿಕರು, ಮೆಕ್ಯಾನಿಕ್‌ಗಳು. ಹಡಗು ಕಳೆದುಕೊಂಡರೂ ಪೈಲಟ್‌ಗಳು ಬಹುಮಟ್ಟಿಗೆ ಉಳಿದಿದ್ದರು. ಅವರನ್ನು ತಿಂದದ್ದು ಮುಂದಿನ ಆರು ತಿಂಗಳು, ಸಾಲೊಮನ್ ದ್ವೀಪಗಳ ಆಕಾಶ.

ಆ ದ್ವೀಪಗಳಲ್ಲೊಂದಾದ ಗ್ವಾಡಲ್‌ಕನಾಲ್ ಸುಮಾರು 145 ಕಿ.ಮೀ. ಉದ್ದದ, ದಟ್ಟ ಕಾಡು, ಜೌಗು, ಮಲೇರಿಯಾ ತುಂಬಿದ ದ್ವೀಪ. ಅಲ್ಲಿನ ಲುಂಗಾ ಎಂಬಲ್ಲಿ ತೆಂಗಿನ ತೋಟಗಳ ಪಕ್ಕದ ಬಯಲಿನಲ್ಲಿ ಜಪಾನೀಯರು ರನ್‌ವೇ ಕಟ್ಟುತ್ತಿದ್ದರು. ಅದು ಮುಗಿದರೆ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಹೋಗುವ ಹಡಗುದಾರಿಗೆ ಅಪಾಯ. ಹೀಗಾಗಿ 1942ರ ಆಗಸ್ಟ್ 7ರಂದು ಅಮೆರಿಕದ ಜನರಲ್ ವ್ಯಾಂಡೆಗ್ರಿಫ್ಟ್ ಅವರ ಮರೀನ್ ಪಡೆ ಅಲ್ಲಿ ಇಳಿಯಿತು. ಕಟ್ಟುತ್ತಿದ್ದ ಕೆಲಸಗಾರರು ಎಲ್ಲವನ್ನೂ ಬಿಟ್ಟು ಕಾಡಿಗೆ ಓಡಿದರು. ರೋಡ್ ರೋಲರ್, ಲಾರಿ, ಮೂಟೆಗಟ್ಟಲೆ ಅಕ್ಕಿ ಅಲ್ಲೇ ಉಳಿಯಿತು.

ಆ ಅಕ್ಕಿ ಇಲ್ಲದಿದ್ದರೆ ಮರೀನ್‌ಗಳ ಗತಿ ಏನಾಗುತ್ತಿತ್ತೋ. ಏಕೆಂದರೆ ಮರುದಿನ ನಡುರಾತ್ರಿ ದಾಟಿದ ಮೇಲೆ ಸಾವೋ ದ್ವೀಪದ ಬಳಿ ಅಡ್ಮಿರಲ್ ಮಿಕಾವಾ ಅವರ ಹಡಗುಗಳು ಕತ್ತಲಿಂದ ನುಗ್ಗಿ, ಅರ್ಧ ಗಂಟೆಯ ಆಸುಪಾಸಿನಲ್ಲಿ ಮಿತ್ರಪಡೆಯ ನಾಲ್ಕು ಕ್ರೂಸರ್‌ಗಳನ್ನು ಹೊಡೆದುರುಳಿಸಿದವು. ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. ರಾತ್ರಿಯ ಕಾಳಗದಲ್ಲಿ ಆಗ ಜಪಾನೀಯರಿಗೆ ಸರಿಸಾಟಿ ಇರಲಿಲ್ಲ. ಅವರ ಟಾರ್ಪೆಡೊಗಳು ಬಹುದೂರ ಸಾಗುತ್ತಿದ್ದವು, ಕತ್ತಲಲ್ಲಿ ನೋಡಲು ಪಳಗಿದ ಕಾವಲುಗಾರರು ಎದುರಾಳಿಯ ರಾಡಾರ್‌ಗಿಂತ ಚುರುಕಾಗಿದ್ದರು. ಆದರೆ ಮಿಕಾವಾ ಅಲ್ಲಿಂದ ಹಿಂತಿರುಗಿದರು. ಬೆಳಕಾದರೆ ವಿಮಾನಗಳು ಬಂದಾವು ಎಂಬ ಅಳುಕು. ಇನ್ನಷ್ಟು ದೂರದಲ್ಲಿ ಲಂಗರು ಹಾಕಿ ನಿಂತಿದ್ದ ಸರಕು ಹಡಗುಗಳನ್ನು ಅವರು ಮುಟ್ಟಲಿಲ್ಲ. ಯುದ್ಧನೌಕೆ ಮುಳುಗಿಸುವುದೇ ದೊಡ್ಡ ಕೆಲಸ, ಸರಕು ಹಡಗು ಲೆಕ್ಕಕ್ಕಿಲ್ಲ ಎಂಬ ಆ ನೌಕಾಪಡೆಯ ಹಳೆಯ ರೂಢಿ ಆ ರಾತ್ರಿ ಎಷ್ಟು ದುಬಾರಿಯಾಯಿತು ಎಂಬುದು ಮುಂದೆ ಗೊತ್ತಾಯಿತು. ಆ ಸರಕು ಹಡಗುಗಳೂ 9ರ ಸಂಜೆಗೆ ಅರ್ಧ ಸಾಮಾನನ್ನೂ ಇಳಿಸದೆ ಹೊರಟುಹೋದವು. ದಡದಲ್ಲಿದ್ದ ಮರೀನ್‌ಗಳು ದಿನಕ್ಕೆ ಎರಡೇ ಊಟಕ್ಕೆ ಇಳಿದು, ಹುಳ ಬಿದ್ದ ಜಪಾನೀ ಅಕ್ಕಿ ಬೇಯಿಸಿಕೊಂಡು ತಿಂದು, ಜಪಾನೀ ರೋಲರಿನಿಂದಲೇ ರನ್‌ವೇ ಮುಗಿಸಿದರು. ಮಿಡ್‌ವೇಯಲ್ಲಿ ಸತ್ತ ಮೇಜರ್ ಲಾಫ್ಟನ್ ಹೆಂಡರ್ಸನ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಆಗಸ್ಟ್ 20ರಂದು ಅಲ್ಲಿ 31 ವಿಮಾನಗಳು ಇಳಿದವು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಂಡರ್ಸನ್ ಮೈದಾನದಿಂದ ಹಾರುವ ಬಾಂಬರು ಹಗಲು ಹೊತ್ತಿನಲ್ಲಿ ಸುತ್ತಲ ಮುನ್ನೂರು ಕಿಲೋಮೀಟರಿನಷ್ಟು ಸಮುದ್ರವನ್ನು ಕಾಯಬಲ್ಲದು. ಜಪಾನಿನ ಮುಂಚೂಣಿ ಬಂದರು ಶಾರ್ಟ್‌ಲ್ಯಾಂಡ್ ಇದ್ದದ್ದು ಸುಮಾರು 500 ಕಿ.ಮೀ. ದೂರದಲ್ಲಿ. ಸರಕು ಹಡಗು ಗಂಟೆಗೆ ಹದಿನೆಂಟು, ಇಪ್ಪತ್ತು ಕಿಲೋಮೀಟರ್ ಹೋದರೆ ಹೆಚ್ಚು. ಒಂದು ರಾತ್ರಿಯಲ್ಲಿ ಅದು ಬಂದು, ಮೂಟೆ ಇಳಿಸಿ, ಮತ್ತೆ ವಿಮಾನಗಳ ಅಳವಿನಿಂದ ಆಚೆ ಹೋಗಲು ಸಾಧ್ಯವೇ ಇಲ್ಲ. ಹೋಗುವಾಗಲೋ ಬರುವಾಗಲೋ ಸೂರ್ಯ ಹುಟ್ಟಿಯೇ ಹುಟ್ಟುತ್ತಾನೆ. ಗಂಟೆಗೆ ಐವತ್ತೈದು ಕಿಲೋಮೀಟರಿಗೂ ಮಿಕ್ಕಿ ಓಡುವ ಡೆಸ್ಟ್ರಾಯರಿಗೆ ಮಾತ್ರ ಅದು ಸಾಧ್ಯ. ಆದರೆ ಡೆಸ್ಟ್ರಾಯರು ಹೊಟ್ಟೆಯೇ ಇಲ್ಲದ ಹಡಗು. ಅದರಲ್ಲಿ ಎಂಜಿನ್, ತೋಪು, ಟಾರ್ಪೆಡೊ ಬಿಟ್ಟರೆ ಉಗ್ರಾಣಕ್ಕೆ ಜಾಗವಿಲ್ಲ. ಒಂದಿಷ್ಟು ಸೈನಿಕರನ್ನು ಡೆಕ್ಕಿನ ಮೇಲೆ ಕೂರಿಸಿಕೊಂಡು ಬರಬಹುದು, ಅವರ ಮೂರು ತಿಂಗಳ ಅಕ್ಕಿಯನ್ನು ತರಲಾಗದು. ಅಮೆರಿಕನ್ನರು ಇದನ್ನು ಟೋಕಿಯೋ ಎಕ್ಸ್‌ಪ್ರೆಸ್ ಎಂದು ಕರೆದರು. ಜಪಾನಿ ಸೈನಿಕರು ಇಟ್ಟ ಹೆಸರು ಇಲಿ ಸಾಗಣೆ. ರಾತ್ರಿ ಮಾತ್ರ ಓಡಾಡುವುದರಿಂದ ಆ ಹೆಸರು. ಹೀಗೆ ಪ್ರತಿ ಸಲವೂ ದ್ವೀಪದ ಮೇಲೆ ಉಣ್ಣುವ ಬಾಯಿ ಹೆಚ್ಚಿತು, ಅನ್ನ ಹೆಚ್ಚಲಿಲ್ಲ.

ಸೇನೆಯ ಯೋಚನೆಯೂ ಇದಕ್ಕೆ ತಕ್ಕಂತೆ ಇತ್ತು. ಆಗಸ್ಟಿನಲ್ಲಿ ಕರ್ನಲ್ ಇಚಿಕಿ ಸುಮಾರು 900 ಜನರೊಂದಿಗೆ ಇಳಿದಾಗ ಅವರ ಚೀಲದಲ್ಲಿದ್ದದ್ದು ಏಳು ದಿನದ ಬುತ್ತಿ. ಏಳು ದಿನದಲ್ಲಿ ಮುಗಿಯುವ ಕೆಲಸ ಎಂದುಕೊಂಡಿದ್ದರು. ಆಗಸ್ಟ್ 21ರ ಒಂದೇ ಕಾಳಗದಲ್ಲಿ ಎಂಟುನೂರರಷ್ಟು ಮಂದಿ ನದಿಯ ಮರಳದಂಡೆಯ ಮೇಲೆ ಸತ್ತರು. ಅಕ್ಟೋಬರಿನಲ್ಲಿ ಸೆಂಡೈ ಡಿವಿಜನ್ನಿನ ಸಾವಿರಾರು ಮಂದಿ ಕಾಡು ಕಡಿದು ಹಾದಿ ಮಾಡಿಕೊಂಡು ಹೆಂಡರ್ಸನ್ ಮೈದಾನದ ಬೆನ್ನಿಗೆ ಬಂದರು. ತಲೆಗೊಂದು ಶೆಲ್ ಹೊತ್ತಿದ್ದರು. ಹೊಗೆ ಕಂಡರೆ ವಿಮಾನ ಬರುತ್ತದೆಂದು ಒಲೆ ಹಚ್ಚುವಂತಿಲ್ಲ. ಅರ್ಧ ಪಡಿ ಅಕ್ಕಿಯನ್ನು ಹಸಿಯಾಗಿಯೇ ಅಗಿದರು. ಅವರ ದಾಳಿ ಎರಡು ರಾತ್ರಿ ನಡೆಯಿತು, ಮುರಿದುಬಿತ್ತು.

ರನ್‌ವೇಯನ್ನು ಹಾಳುಗೆಡವದೆ ದಾರಿ ಇಲ್ಲವೆಂಬುದು ನೌಕಾಪಡೆಗೂ ತಿಳಿದಿತ್ತು. ಅಕ್ಟೋಬರ್ 13ರ ರಾತ್ರಿ ಕೊಂಗೋ, ಹರುನಾ ಎಂಬ ಎರಡು ಮಹಾನೌಕೆಗಳು ಒಂದೂವರೆ ಗಂಟೆಯಷ್ಟು ಹೊತ್ತು ಒಂಬೈನೂರಕ್ಕೂ ಹೆಚ್ಚು ಭಾರೀ ಶೆಲ್‌ಗಳನ್ನು ಸುರಿದವು. ಮರುದಿನ ಮಧ್ಯಾಹ್ನವೇ ಅಲ್ಲಿಂದ ವಿಮಾನಗಳು ಮತ್ತೆ ಹಾರಿದವು. ನವೆಂಬರಿನಲ್ಲಿ ಇನ್ನೊಮ್ಮೆ ಪ್ರಯತ್ನ. 13ರ ನಸುಕಿನಲ್ಲಿ ಎರಡು ಕಡೆಯ ಹಡಗುಗಳು ಕಗ್ಗತ್ತಲಲ್ಲಿ ಒಂದರೊಳಗೊಂದು ಹೊಕ್ಕವು, ಯಾರು ಯಾರಿಗೆ ಹೊಡೆಯುತ್ತಿದ್ದಾರೆಂದೇ ತಿಳಿಯದ ಕಾಳಗ. ಅಮೆರಿಕದ ಇಬ್ಬರು ಅಡ್ಮಿರಲ್‌ಗಳು, ಕ್ಯಾಲಹನ್ ಮತ್ತು ಸ್ಕಾಟ್, ಅಂದು ಸತ್ತರು. ಬೆಳಿಗ್ಗೆ ಜೂನೋ ಎಂಬ ಕ್ರೂಸರ್ ಟಾರ್ಪೆಡೊ ತಗುಲಿ ಸಿಡಿಯಿತು. ಸುಮಾರು ಏಳುನೂರು ಜನರಲ್ಲಿ ಕಡೆಗೆ ಬದುಕಿದ್ದು ಹತ್ತು ಮಂದಿ. ಅಯೋವಾ ರಾಜ್ಯದ ಸಲಿವನ್ ಮನೆಯ ಐದು ಜನ ಅಣ್ಣತಮ್ಮಂದಿರು ಒಂದೇ ಹಡಗಿನಲ್ಲಿರಬೇಕೆಂದು ಕೇಳಿಕೊಂಡು ಸೇರಿದ್ದರು. ಐವರೂ ಹೋದರು. ಒಂದು ಮನೆಯ ತಾಯಿಯ ಪಾಲಿಗೆ ಒಂದೇ ಸುದ್ದಿಯಲ್ಲಿ ಐದು ಸಾವು. ಇದನ್ನು ಬರೆಯುವಾಗ ಕೈ ಒಂದು ಗಳಿಗೆ ನಿಲ್ಲುತ್ತದೆ.

ಆ ದಿನಗಳ ಕಾಳಗಗಳಲ್ಲಿ ಜಪಾನ್ ಹಿಯೇ, ಕಿರಿಶಿಮಾ ಎಂಬ ಮಹಾನೌಕೆಗಳನ್ನು ಕಳೆದುಕೊಂಡಿತು. ಅದಕ್ಕಿಂತ ದೊಡ್ಡ ಪೆಟ್ಟು ಹನ್ನೊಂದು ಸರಕು ಹಡಗುಗಳದ್ದು. ಹಗಲಿನಲ್ಲೇ ಬರಬೇಕಾಗಿ ಬಂದ ಅವುಗಳ ಮೇಲೆ ಹೆಂಡರ್ಸನ್ ವಿಮಾನಗಳು ದಿನವಿಡೀ ಎರಗಿದವು. ಉಳಿದ ನಾಲ್ಕನ್ನು ಅಡ್ಮಿರಲ್ ತನಾಕಾ ನೇರವಾಗಿ ಮರಳದಂಡೆಗೆ ಹತ್ತಿಸಿದರು. ಬೆಳಗಾದ ಮೇಲೆ ಅವೂ ಉರಿದವು. ದಡ ಸೇರಿದ್ದು ಎರಡು ಸಾವಿರದಷ್ಟು ಜನ, ಸುಮಾರು 1,500 ಮೂಟೆ ಅಕ್ಕಿ. ದ್ವೀಪದಲ್ಲಿ ಆಗಲೇ ಹತ್ತಾರು ಸಾವಿರ ಜಪಾನಿ ಸೈನಿಕರಿದ್ದರು.

ಡ್ರಮ್ಮುಗಳ ಉಪಾಯ ಹುಟ್ಟಿದ್ದು ಇದಾದ ಮೇಲೆ. ನವೆಂಬರ್ 30ರಂದು ಮೊದಲ ಸಲ ತಂದಾಗ ತನಾಕಾ ಅವರು ಟಸಫರೊಂಗಾ ಬಳಿ ಅಮೆರಿಕದ ಕ್ರೂಸರ್‌ಗಳಿಗೆ ಬಲವಾದ ಹೊಡೆತ ಕೊಟ್ಟರು. ಒಂದು ಮುಳುಗಿತು, ಮೂರು ನುಜ್ಜುಗುಜ್ಜಾದವು. ನೌಕಾ ಇತಿಹಾಸದ ಪುಸ್ತಕಗಳಲ್ಲಿ ಅದು ಜಪಾನಿನ ಗೆಲುವು. ಅಂದು ದಡಕ್ಕೆ ಒಂದು ಹಿಡಿ ಅಕ್ಕಿಯೂ ಮುಟ್ಟಲಿಲ್ಲ.

ದಡದ ಸೈನಿಕರು ದ್ವೀಪಕ್ಕೆ ಗಾತೋ ಎಂದು ಹೆಸರಿಟ್ಟರು. ಜಪಾನಿ ಉಚ್ಚಾರಣೆಯಲ್ಲಿ ಗ್ವಾಡಲ್‌ಕನಾಲ್ ಎಂಬುದರ ಮೊದಲ ಅಕ್ಷರ ‘ಗಾ’. ಹಸಿವೆಗೆ ಬಳಸುವ ಲಿಪಿಯ ಉಚ್ಚಾರವೂ ಅದೇ. ಗಾತೋ ಎಂದರೆ ಹಸಿವಿನ ದ್ವೀಪ. ಬೇರು, ಪಾಚಿ, ಹುಲ್ಲು ತಿಂದರು. ಮಲೇರಿಯಾ, ಭೇದಿ, ಬೆರಿಬೆರಿ ಒಟ್ಟಿಗೆ ಹಿಡಿದವು. ಯಾರು ಎದ್ದು ನಿಲ್ಲಬಲ್ಲರು, ಯಾರು ಮಲಗಿದ್ದಲ್ಲಿಂದ ಏಳರು, ಯಾರ ಕಣ್ಣರೆಪ್ಪೆ ಆಡುವುದು ನಿಂತಿದೆ ಎಂದು ನೋಡಿ ಇನ್ನೆಷ್ಟು ದಿನ ಎಂದು ಎಣಿಸುವ ಲೆಕ್ಕ ಅವರ ನಡುವೆ ರೂಢಿಯಾಯಿತು.

ಟೋಕಿಯೋದಲ್ಲಿ ಆಗ ಹಡಗುಗಳಿಗಾಗಿ ಜಗಳ. ಇನ್ನಷ್ಟು ಸರಕು ಹಡಗು ಕೊಡಿ ಎಂದು ಸೇನೆ ಕೇಳಿತು. ಕೊಟ್ಟರೆ ಕಾರ್ಖಾನೆಗೆ ಕಬ್ಬಿಣದ ಅದಿರು, ಎಣ್ಣೆ ತರಲು ಹಡಗಿರುವುದಿಲ್ಲ ಎಂದು ಪ್ರಧಾನಿ ಟೋಜೋ ತಡೆದರು. ಸೇನೆಯ ಕಾರ್ಯಾಚರಣೆ ಮುಖ್ಯಸ್ಥ ತನಾಕಾ ಶಿನಿಚಿ (ಅಡ್ಮಿರಲ್ ತನಾಕಾ ಅಲ್ಲ) ಪ್ರಧಾನಿಯನ್ನೇ ಮುಖದ ಮೇಲೆ ಬೈದು ಹುದ್ದೆ ಕಳೆದುಕೊಂಡರು. ಎರಡೂ ಕಡೆಯ ವಾದದಲ್ಲಿ ಹುರುಳಿತ್ತು, ಹಡಗು ಮಾತ್ರ ಇರಲಿಲ್ಲ. ವರ್ಷದ ಕೊನೆಯ ದಿನ ಚಕ್ರವರ್ತಿ ಹಿಂತೆಗೆತಕ್ಕೆ ಒಪ್ಪಿದರು. 1943ರ ಫೆಬ್ರುವರಿಯ ಮೊದಲ ವಾರ ಮೂರು ರಾತ್ರಿಗಳಲ್ಲಿ ಅದೇ ಡೆಸ್ಟ್ರಾಯರ್‌ಗಳು 10,600ರಷ್ಟು ಜನರನ್ನು ಸದ್ದಿಲ್ಲದೆ ಎತ್ತಿಕೊಂಡು ಹೋದವು. ಹಿಂದೆ ಉಳಿದದ್ದು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸತ್ತವರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಗುಂಡಲ್ಲ, ಹಸಿವೆ ಮತ್ತು ರೋಗ. ಅಮೆರಿಕದ ಕಡೆ ನೆಲದ ಮೇಲೆ ಸತ್ತವರಿಗಿಂತ ಸುತ್ತಲ ನೀರಿನಲ್ಲಿ ಸತ್ತ ನಾವಿಕರು ಸುಮಾರು ಮೂರು ಪಟ್ಟು. ದ್ವೀಪದ ಪಕ್ಕದ ಕೊಲ್ಲಿಯ ತಳದಲ್ಲಿ ಎಷ್ಟು ಹಡಗು ಬಿದ್ದಿವೆಯೆಂದರೆ ನಕ್ಷೆಯಲ್ಲಿ ಅದರ ಹೆಸರೇ ಐರನ್‌ಬಾಟಮ್ ಸೌಂಡ್, ಕಬ್ಬಿಣ ತಳದ ಕೊಲ್ಲಿ.

ಈ ಕಥೆಯನ್ನು ಎರಡು ದೇಶಗಳ ಕಥೆಯಾಗಿ ಮಾತ್ರ ಹೇಳಿದರೆ ಅನ್ಯಾಯ. ದ್ವೀಪ ಅವರಿಬ್ಬರದೂ ಅಲ್ಲ. ಅಲ್ಲಿನ ಜನ ದಾರಿ ತೋರಿಸಿದರು, ಗಾಯಾಳುಗಳನ್ನು ಹೊತ್ತರು, ಬೆಟ್ಟದ ಮೇಲಿಂದ ಹಡಗು, ವಿಮಾನ ನೋಡಿ ಸುದ್ದಿ ಮುಟ್ಟಿಸಿದರು. ನಿವೃತ್ತ ಪೊಲೀಸ್ ಜೇಕಬ್ ವೌಜಾ ಅವರನ್ನು ಇಚಿಕಿಯ ಸೈನಿಕರು ಹಿಡಿದು ಮರಕ್ಕೆ ಕಟ್ಟಿ ಚಿತ್ರಹಿಂಸೆ ಕೊಟ್ಟು, ಬಯೊನೆಟ್ಟಿನಿಂದ ತಿವಿದು ಸತ್ತರೆಂದು ಬಿಟ್ಟುಹೋದರು. ಅವರು ಹಗ್ಗ ಕಚ್ಚಿ ಬಿಡಿಸಿಕೊಂಡು, ರಕ್ತ ಸುರಿಸುತ್ತ ಮರೀನ್‌ಗಳ ಸಾಲಿಗೆ ಬಂದು ದಾಳಿ ಬರುತ್ತಿದೆ ಎಂದು ಎಚ್ಚರಿಸಿದರು. ಬದುಕಿದರು ಕೂಡ.

ಆಮೇಲಿನದನ್ನು ಬೇಗ ಹೇಳಬಹುದು. 1943ರ ಏಪ್ರಿಲ್ 18ರಂದು ಜಪಾನಿನ ಅಡ್ಮಿರಲ್ ಯಮಮೊಟೊ ಅವರ ವಿಮಾನವನ್ನು ಬೂಗನ್‌ವಿಲ್ ಮೇಲೆ ಹೊಡೆದುರುಳಿಸಿದ ವಿಮಾನಗಳು ಹೊರಟದ್ದು ಗ್ವಾಡಲ್‌ಕನಾಲ್‌ನಿಂದ. ಆ ನವೆಂಬರಿನಲ್ಲಿ ತರಾವಾದ ಬೆಟಿಯೊ ಎಂಬ ಪುಟ್ಟ ದ್ವೀಪದಲ್ಲಿ ಭರತದ ನೀರು ನಿರೀಕ್ಷಿಸಿದಷ್ಟು ಏರಲಿಲ್ಲ. ದೋಣಿಗಳು ಹವಳದ ದಿಬ್ಬಕ್ಕೆ ತಗುಲಿ ನಿಂತವು, ಮರೀನ್‌ಗಳು ಎದೆಮಟ್ಟದ ನೀರಿನಲ್ಲಿ ಮೆಷಿನ್‌ಗನ್ನುಗಳ ಎದುರು ನಡೆದರು. ಮೂರು ದಿನದಲ್ಲಿ ಅವರ ಕಡೆ ಸಾವಿರದಷ್ಟು ಸಾವು. ಎದುರು ಇದ್ದ ಸುಮಾರು 4,700 ಜನರಲ್ಲಿ ಸೆರೆಸಿಕ್ಕ ಜಪಾನಿಗಳು ಹದಿನೇಳು, ಬಲವಂತದ ದುಡಿಮೆಗೆ ತಂದಿದ್ದ ಕೊರಿಯನ್ನರು ನೂರಿಪ್ಪತ್ತೊಂಬತ್ತು.

ಇಷ್ಟು ರಕ್ತ ಸುರಿದ ಮೇಲೆ ಅಮೆರಿಕ ಹಲವು ದ್ವೀಪಗಳನ್ನು ಹಿಡಿಯುವ ಗೋಜಿಗೇ ಹೋಗಲಿಲ್ಲ. ಸುತ್ತು ಹಾಕಿಕೊಂಡು ಮುಂದಕ್ಕೆ ಹೋಯಿತು. ಸಬ್‌ಮರೀನ್‌ಗಳು ದಾರಿಯಲ್ಲಿ ಸರಕು ಹಡಗುಗಳನ್ನು ಮುಳುಗಿಸಿದವು. ಜಪಾನ್ ಕಳೆದುಕೊಂಡ ಸರಕು ಹಡಗುಗಳಲ್ಲಿ ಅರ್ಧಕ್ಕೂ ಮಿಕ್ಕಿ ಅವುಗಳ ಪಾಲು. ಜಪಾನಿನ ನೆಲೆ ರಬೌಲ್‌ನಲ್ಲಿ ಸಿಕ್ಕಿಬಿದ್ದ ಲಕ್ಷದಷ್ಟು ಜನ ಗೆಣಸು, ತರಕಾರಿ ಬೆಳೆದುಕೊಂಡು ಉಳಿದರು. ಮೆರೆಯೋನ್ ಎಂಬ ಹವಳದ ದ್ವೀಪದಲ್ಲಿ ಬೆಳೆಯಲು ಮಣ್ಣೂ ಇರಲಿಲ್ಲ. ಅಲ್ಲಿ ದೊಡ್ಡ ಕಾಳಗವೇ ನಡೆಯಲಿಲ್ಲ, ಆದರೂ ಸುಮಾರು ಆರೂವರೆ ಸಾವಿರ ಜನರಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಸಿಂಗಪುರದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಲ್ಲಿ ಸಾವಿರಾರು ಜನರನ್ನು ಜಪಾನ್ ನ್ಯೂ ಗಿನಿ, ನ್ಯೂ ಬ್ರಿಟನ್‌ಗಳಿಗೆ ಕೂಲಿಗಾಗಿ ಸಾಗಿಸಿತ್ತು. ತಮ್ಮವರಿಗೇ ಊಟವಿಲ್ಲದ ಕಡೆ ಸೆರೆಯಾಳುಗಳಿಗೆ ಏನು ಉಳಿದೀತು? ಅವರಲ್ಲಿ ಊರಿಗೆ ಮರಳಿದವರು ಕಡಿಮೆ. ಆ ಹೆಸರಿಲ್ಲದ ನಮ್ಮವರ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲು ಬಂದರೂ ನನಗೆ ಸಮಾಧಾನವಾಗುತ್ತಿತ್ತು.

ಅದೇ ಹೊತ್ತಿಗೆ ಅಮೆರಿಕದ ಕಡೆ ಉಲಿಥಿ ಎಂಬ ಹವಳದ ಸರೋವರದಲ್ಲಿ 1945ರ ವಸಂತದಲ್ಲಿ ಒಮ್ಮೆಗೇ ಆರುನೂರಕ್ಕೂ ಹೆಚ್ಚು ಹಡಗುಗಳು ನಿಂತಿದ್ದವು. ಎಣ್ಣೆ ಹಡಗು, ದುರಸ್ತಿ ಹಡಗು, ಆಸ್ಪತ್ರೆ ಹಡಗು. ಐಸ್‌ಕ್ರೀಮ್ ಮಾಡುವುದಕ್ಕೆಂದೇ ಒಂದು ಕಾಂಕ್ರೀಟ್ ದೋಣಿಯನ್ನು ಆ ನೌಕಾಪಡೆ ಇಟ್ಟುಕೊಂಡಿತ್ತು. ಜಪಾನಿನ ಬಳಿಯೋ ಹಡಗು ಓಡಿಸುವ ಎಣ್ಣೆಗೇ ಬರ. ಅದರ ಮಹಾನೌಕೆಗಳು ಎಣ್ಣೆ ಸಿಗುವ ಸಿಂಗಪುರದ ಹತ್ತಿರ, ವಿಮಾನವಾಹಕಗಳು ಪೈಲಟ್ ತರಬೇತಿಗಾಗಿ ಜಪಾನಿನಲ್ಲಿ, ಹೀಗೆ ಚದುರಿದ್ದ ಪಡೆಯೊಂದಿಗೆ 1944ರ ಅಕ್ಟೋಬರಿನಲ್ಲಿ ಲೇಯ್ಟೆ ಕೊಲ್ಲಿಯ ಮಹಾಕಾಳಗಕ್ಕೆ ಇಳಿಯಿತು. ಅಮೆರಿಕದ ಅಡ್ಮಿರಲ್ ಹಾಲ್ಸೆಯವರನ್ನು ವಿಮಾನವೇ ಇಲ್ಲದಂತಿದ್ದ ವಿಮಾನವಾಹಕಗಳು ಆಮಿಷವಾಗಿ ಉತ್ತರಕ್ಕೆ ಸೆಳೆದವು. ಜಪಾನಿನ ಅಡ್ಮಿರಲ್ ಕುರಿಟಾ ಅವರ ಮಹಾನೌಕೆಗಳಿಗೆ ಸಮರ್ ದ್ವೀಪದ ಆಚೆ ಎದುರಾದದ್ದು ಅಮೆರಿಕದ ಕೆಲವು ಸಣ್ಣ ಹಡಗುಗಳು. ಕಮಾಂಡರ್ ಅರ್ನೆಸ್ಟ್ ಇವಾನ್ಸ್ ತಮ್ಮ ಜಾನ್‌ಸ್ಟನ್ ಡೆಸ್ಟ್ರಾಯರನ್ನು ಅಪ್ಪಣೆಗೂ ಕಾಯದೆ ಆ ಬೆಟ್ಟದಂಥ ಹಡಗುಗಳತ್ತ ತಿರುಗಿಸಿದರು, ಹಡಗಿನೊಂದಿಗೇ ಹೋದರು. ಕುರಿಟಾ ಗೆಲುವಿನ ಬಾಗಿಲಲ್ಲಿ ಹಿಂದಿರುಗಿದರು. ಅದೇ ದಿನಗಳಲ್ಲಿ, ಪೈಲಟ್‌ಗಳನ್ನು ತಯಾರು ಮಾಡಲು ಸಮಯ, ಎಣ್ಣೆ ಎರಡೂ ಇಲ್ಲದ ಪಡೆ ಹುಡುಗರನ್ನು ವಿಮಾನಸಮೇತ ಹಡಗುಗಳಿಗೆ ಅಪ್ಪಳಿಸಲು ಕಳುಹಿಸತೊಡಗಿತು.

ಇವೋ ಜಿಮಾ, ಒಕಿನಾವಾಗಳಿಗೆ ಬೇರೆಯೇ ಅಂಕಣ ಬೇಕು. ಒಂದರಲ್ಲಿ ಜಪಾನಿನ ಜನರಲ್ ಕುರಿಬಯಾಶಿ ಅವರ 21 ಸಾವಿರದಷ್ಟು ಸೈನಿಕರು ಒರತೆಯಿಲ್ಲದ ದ್ವೀಪದ ಬಿಸಿ ಸುರಂಗಗಳಲ್ಲಿ ಮಳೆನೀರು ಅಳೆದು ಕುಡಿಯುತ್ತ ಐದು ವಾರ ಹಿಡಿದು ನಿಂತರು. ಇನ್ನೊಂದರಲ್ಲಿ ಸೈನಿಕರ ಜೊತೆಗೆ ಲಕ್ಷದಷ್ಟು ಊರ ಜನರೂ ಸತ್ತರು.

ಯುದ್ಧಕಾಲದಲ್ಲಿ ತಾವೇ ಚೀನಾದಲ್ಲಿ ಸೇನಾಧಿಕಾರಿಯಾಗಿದ್ದು ಆಮೇಲೆ ಇತಿಹಾಸಕಾರರಾದ ಫುಜಿವಾರಾ ಅಕಿರಾ ತಮ್ಮ ಕೊನೆಯ ವರ್ಷಗಳಲ್ಲಿ ಈ ಲೆಕ್ಕ ತೆಗೆದರು. ಆ ಯುದ್ಧದಲ್ಲಿ ಸತ್ತ ಸುಮಾರು 23 ಲಕ್ಷ ಜಪಾನೀ ಸೈನಿಕರಲ್ಲಿ 14 ಲಕ್ಷದಷ್ಟು ಜನರ ಸಾವಿಗೆ ಹಸಿವೆ ಮತ್ತು ಹಸಿವೆಯಿಂದ ಬಂದ ರೋಗ ಕಾರಣ ಎಂಬುದು ಅವರ ಅಂದಾಜು. ಈ ಅಂಕಿಯ ಬಗ್ಗೆ ವಾದಗಳಿವೆ. ಆದರೆ ಗಾತೋ ದ್ವೀಪವನ್ನು ಬಲ್ಲವರಿಗೆ ಅದು ಅಚ್ಚರಿ ಎನಿಸುವುದಿಲ್ಲ.

ಸಾಲೊಮನ್ ದ್ವೀಪಗಳು 1978ರಲ್ಲಿ ಸ್ವತಂತ್ರವಾದವು. ಯುದ್ಧದ ನೆಲೆಯ ಸುತ್ತಲೇ ಬೆಳೆದ ಹೋನಿಯಾರಾ ಈಗ ರಾಜಧಾನಿ. ಹೆಂಡರ್ಸನ್ ಮೈದಾನವೇ ಅಲ್ಲಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಊರಿನ ಮಣ್ಣಿನಡಿ ಎರಡೂ ಕಡೆಯ ಸಿಡಿಯದ ಶೆಲ್‌ಗಳು ಇನ್ನೂ ಇವೆ. 2021ರ ಮೇ ತಿಂಗಳಲ್ಲಿ ಅಲ್ಲಿನ ಕೆಲವರು ಹಣ ಕೂಡಿಸುವ ಒಂದು ಕಾರ್ಯಕ್ರಮಕ್ಕೆಂದು ಅಂಗಳದಲ್ಲಿ ಬೆಂಕಿ ಹಾಕಿ ಅಡುಗೆ ಮಾಡುತ್ತಿದ್ದರು. ಒಲೆಯ ಅಡಿಯ ಮಣ್ಣಿನಲ್ಲಿ ಒಂದು ಶೆಲ್ ಹೂತಿತ್ತು. ಕಾವಿಗೆ ಅದು ಸಿಡಿದು ಇಬ್ಬರು ಸತ್ತರು.